ಮಗ್ಗ ನಿಂತ ಮೇಲೆ: ಲಾಕ್‌ಡೌನ್‌ನಲ್ಲಿ ದಾರಿ ಬದಲಿಸಿದ ಒಂದು ಗಾಂಜಾ ಚಟ

ಆಶಾ ಕಾರ್ಯಕರ್ತೆ ಹಣೆಗೆ ಹಿಡಿದ ಗನ್‌ನಲ್ಲಿ 97.8 ಬಂತು. ಜ್ವರ ಇಲ್ಲ. ಆದರೆ ಹುಡುಗನ ಬನಿಯನ್ ಬೆವರಿಗೆ ಮೈಗಂಟಿತ್ತು. ಎರಡು ದಿನದಿಂದ ರೊಟ್ಟಿ ಮುಟ್ಟಿರಲಿಲ್ಲ. ತಲೆನೋವು, ಹೊಟ್ಟೆ ತೊಳಸು, ರಾತ್ರಿಯೆಲ್ಲ ಹೊರಳಾಟ. ಮಾತಾಡಿಸಿದರೆ ಹರಿಹಾಯುತ್ತಿದ್ದ. 2020ರ ಏಪ್ರಿಲ್ ಮೊದಲ ದಿನಗಳು. ಯಾರಾದರೂ ಕೆಮ್ಮಿದರೆ ಇಡೀ ಓಣಿ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ಅವ್ವ ಹೊಸ್ತಿಲಾಚೆ ನಿಂತು, ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೇಳಿದಳು: "ಅದ ಬಂದೈತೇನ್ರಿ ಅಕ್ಕಾ?" ರೋಗದ ಹೆಸರನ್ನು ಬಾಯಲ್ಲಿ ಆಡಲೂ ಭಯ.

ಅದು ಬಂದಿರಲಿಲ್ಲ. ಹುಡುಗ ಊರು ಬಿಟ್ಟು ಹೋಗಿರಲಿಲ್ಲ, ಹೊರಗಿನಿಂದ ಮನೆಗೆ ಯಾರೂ ಬಂದಿರಲಿಲ್ಲ. ಆದರೂ ಯಾಕೆ ಸುಮ್ನೆ ಅಂತ, ಹದಿನಾಲ್ಕು ದಿನ ಒಳಗಿನ ಕೋಣೆಯಲ್ಲೇ ಇರಲು ಹೇಳಿ ಆಶಾ ಅಕ್ಕ ಹೋದರು. ತಟ್ಟೆ, ಚಂಬು ಬೇರೆಯಾದವು.

ಆರು ತಿಂಗಳ ಮೇಲೆ ನನ್ನ ಮುಂದೆ ಕೂತಾಗ ಅವನು ಹೇಳಿದ: "ನನಗ ಗೊತ್ತಿತ್ರಿ ಅಕ್ಕಾರ, ಅದು ಏನಂತ. ಆದ್ರ ಹೇಳೂದ ಹೆಂಗ? ಕೊರೊನಾ ಅಂದ್ಕೊಂಡ್ರ ಪಾಡ ಅನಿಸ್ತು."

ಆಶಾ ಅಕ್ಕ ಬಂದ ದಿನಕ್ಕೆ ಗಾಂಜಾ ಖಾಲಿಯಾಗಿ ನಾಲ್ಕು ದಿನ ಆಗಿತ್ತು.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಆಪ್ತಸಮಾಲೋಚಕಿ. ಈ ಪ್ರಕರಣ ಬರೆಯಲು ಹುಡುಗನ ಮತ್ತು ಅವನ ಅವ್ವನ ಒಪ್ಪಿಗೆ ಇದೆ. ವಯಸ್ಸು, ಓಣಿ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಹುಡುಗ ಅಂತಲೇ ಕರೆಯೋಣ. ವಯಸ್ಸು ಆಗ 24. ಊರು ರಬಕವಿ-ಬನಹಟ್ಟಿ. ಊರನ್ನು ಮಾತ್ರ ಬದಲಿಸಲು ಆಗಲಿಲ್ಲ, ಯಾಕೆಂದರೆ ಮಗ್ಗ ಇಲ್ಲದೆ ಈ ಕಥೆಯೇ ಇಲ್ಲ.

ಮೊದಲು ಹೇಗಿತ್ತು

ಪಾವರ್‌ಲೂಮ್ ಇರುವ ಓಣಿಗೆ ಹೋದವರಿಗೆ ಗೊತ್ತು, ಅಲ್ಲಿ ಮಾತಾಡಬೇಕಾದರೆ ಕೂಗಬೇಕು. ಖಟಾಖಟ್ ಖಟಾಖಟ್ ಅಂತ ಹಗಲೂ ರಾತ್ರಿ. ಹುಡುಗ ಸಾವ್ಕಾರರ ಶೆಡ್ಡಿನಲ್ಲಿ ಎರಡು ಮಗ್ಗ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ. ಸೀರೆಗೆ ಇಷ್ಟು ಅಂತ ಮಜೂರಿ. ಮಗ್ಗ ನಿಂತರೆ ದುಡ್ಡೂ ನಿಂತಿತು.

ಗಾಂಜಾ ಶುರುವಾಗಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಂದು ಜಾತ್ರೆಯಲ್ಲಿ. ಸಾಧುಗಳ ಗುಂಪಿನಲ್ಲಿ ಚಿಲುಮೆ ಸುತ್ತುತ್ತಿತ್ತು, ಇವನ ಕೈಗೂ ಬಂತು. ನಮ್ಮ ಕಡೆ ಇದು ಹೊಸದಲ್ಲ. ಆರೂಢರು, ಅವಧೂತರು ಅಂತ ನಡೆದುಕೊಂಡು ಬಂದ ಕೆಲವು ಕಡೆ ಅದನ್ನು ಪ್ರಸಾದ ಅನ್ನುವವರೂ ಇದ್ದಾರೆ. ಹಾಗಾಗಿ ಬಾಟಲಿ ಹಿಡಿದವನನ್ನು ಬೈಯುವಷ್ಟು ಜೋರಾಗಿ ಚಿಲುಮೆ ಹಿಡಿದವನನ್ನು ಊರು ಬೈಯುವುದಿಲ್ಲ. ಇದನ್ನು ನಾನು ಒಪ್ಪುತ್ತೇನೆ ಅಂತಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ.

2019ರ ಹೊತ್ತಿಗೆ ಅದು ಹೆಚ್ಚೂಕಡಿಮೆ ದಿನದ ರೂಢಿ. ಆದರೆ ಅದಕ್ಕೊಂದು ಕಟ್ಟಳೆ ಇತ್ತು. ಶೆಡ್ಡು ಬಿಟ್ಟ ಮೇಲೆ ನಾಲ್ಕು ಜನ ಗೆಳೆಯರು ಹಳ್ಳದ ದಂಡೆಗೆ ಸೇರುವುದು. ನಾಲ್ಕು ಜನಕ್ಕೆ ಒಂದೇ ಚಿಲುಮೆ. ಅರ್ಧ ತಾಸು. ಒಂಬತ್ತಕ್ಕೆ ಮನೆ, ಊಟ, ನಿದ್ದೆ. ಒಬ್ಬ ಎರಡನೇ ಸಲ ತುಂಬಲು ಹೋದರೆ ಉಳಿದವರು "ಸಾಕ್ ಬಿಡಲೇ, ನಾಳಿಗಿ ಬೇಕಲ್ಲ" ಅನ್ನುತ್ತಿದ್ದರು. ಸೇದಿ ಮಗ್ಗದ ಮುಂದೆ ನಿಲ್ಲುವ ಹಾಗೇ ಇರಲಿಲ್ಲ. ಗಮನ ತಪ್ಪಿದ ಹೊತ್ತಿನಲ್ಲಿ, ಅಡ್ಡನೂಲು ಹೊತ್ತು ಓಡುವ ಲಾಳಿ ಹಾರಿ ಬಂದು ಬಡಿದರೆ ಕಣ್ಣು ಹೋಗುತ್ತದೆ. ಅದನ್ನು ಯಾವ ಡಾಕ್ಟರೂ ಅವರಿಗೆ ಹೇಳಬೇಕಾಗಿರಲಿಲ್ಲ.

ಮೊದಲ ಭೇಟಿಯಲ್ಲಿ ಈ ವಿವರವನ್ನೆಲ್ಲ ನಾನು ಅಷ್ಟಕ್ಕಷ್ಟೇ ಬರೆದುಕೊಂಡೆ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಇಷ್ಟೇ ನನ್ನ ಫಾರಂನಲ್ಲಿ ಇದ್ದದ್ದು. ಯಾವ ಹೊತ್ತಿಗೆ, ಯಾರ ಜೊತೆ ಅನ್ನುವ ಕಾಲಮ್ಮೇ ಇರಲಿಲ್ಲ.

ಸದ್ದಿಲ್ಲದ ಓಣಿ

2020ರ ಮಾರ್ಚ್ 25ರಿಂದ ದೇಶವೇ ಬಂದ್. ಶೆಡ್ಡುಗಳ ಮೇನ್ ಸ್ವಿಚ್ ಆಫ್. ಹುಡುಗನಿಗೆ ಆ ಮೊದಲ ರಾತ್ರಿ ಚೆನ್ನಾಗಿ ನೆನಪಿದೆ. "ಕಿವ್ಯಾಗ ಗುಂಯ್ ಅಂತಿತ್ರಿ. ಹುಟ್ಟಿದಾಗಿಂದ ಮಗ್ಗದ ಸಪ್ಪಳದಾಗ ಮಲಗಿದಾಂವ. ಆ ರಾತ್ರಿ ನಾಯಿ ಬೊಗಳಿದ್ದೂ ಕೇಳಸ್ತು."

ಕೈಯಲ್ಲಿದ್ದ ಮಾಲು ಮೂರ್ನಾಲ್ಕು ದಿನಕ್ಕೆ ಮುಗಿಯಿತು. ಗಡಿಯಲ್ಲಿ ಪೊಲೀಸರು, ಗಾಡಿ ಇಲ್ಲ, ಕೊಡುವವನ ಫೋನ್ ಆಫ್. ಆಮೇಲೆ ನಡೆದದ್ದೇ ಆಶಾ ಅಕ್ಕ ನೋಡಿದ್ದು.

ಗಾಂಜಾ ಬಿಟ್ಟರೆ ಏನೂ ಆಗಲ್ಲ, ಅದು ಬರೀ ಸೊಪ್ಪು ಅಂತ ಈಗಲೂ ಹೇಳುವವರಿದ್ದಾರೆ. ಹಾಗಲ್ಲ. ವರ್ಷಗಟ್ಟಲೆ ದಿನಾ ಸೇದಿದವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಸಿಟ್ಟು, ಚಡಪಡಿಕೆ ಶುರುವಾಗುತ್ತದೆ. ಹಸಿವು ಸಾಯುತ್ತದೆ, ನಿದ್ದೆ ಹಾರುತ್ತದೆ, ಬೆವರು, ಚಳಿ, ತಲೆನೋವು, ಹೊಟ್ಟೆನೋವು ಬರಬಹುದು. ಮೊದಲ ವಾರ ಜೋರು. ಎರಡು ಮೂರು ವಾರಕ್ಕೆ ಇಳಿಯುತ್ತದೆ, ನಿದ್ದೆಯದು ಮಾತ್ರ ಇನ್ನೂ ಎಳೆಯುತ್ತದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಸಿಕ್ಕಿದ್ದೇ 2013ರಲ್ಲಿ. ಹೀಗಿರುವಾಗ ಕೊರೊನಾ ಗಲಾಟೆಯ ನಡುವೆ ಒಬ್ಬ ಆಶಾ ಕಾರ್ಯಕರ್ತೆಗೆ ಹೊಳೆಯಲಿಲ್ಲ ಅಂದರೆ ಅದು ಅವರ ತಪ್ಪಲ್ಲ.

ವಿಚಿತ್ರ ಏನೆಂದರೆ, ಹದಿನಾಲ್ಕು ದಿನ ಮುಗಿಯುವ ಹೊತ್ತಿಗೆ ಹುಡುಗ ಹೆಚ್ಚುಕಡಿಮೆ ಸುಧಾರಿಸಿದ್ದ. ರೊಟ್ಟಿ ಸೇರುತ್ತಿತ್ತು. ಯಾರ ಸಹಾಯವೂ ಇಲ್ಲದೆ, ಸುಳ್ಳು ಕೊರೊನಾದ ಹೆಸರಲ್ಲಿ, ಚಟ ಬಿಡುವ ಅತಿ ಕಷ್ಟದ ಭಾಗವನ್ನು ದಾಟಿಬಿಟ್ಟಿದ್ದ. ಆಗ ಯಾರಾದರೂ ಅವನ ಜೊತೆ ಕೂತಿದ್ದರೆ ಇಲ್ಲಿಗೇ ಕಥೆ ಮುಗಿಯುತ್ತಿತ್ತೇನೋ. ಆದರೆ ದಿನವಿಡೀ ಮಾಡಲು ಕೆಲಸವಿಲ್ಲ, ರಾತ್ರಿ ನಿದ್ದೆಯಿಲ್ಲ. ಏಪ್ರಿಲ್ ಮೂರನೇ ವಾರ ಮಾಲು ಮತ್ತೆ ಸಿಗತೊಡಗಿತು.

ಗಂಟೆ ತಪ್ಪಿತು

ಸಿಕ್ಕಿದ್ದು ಮೊದಲಿನ ಹಾಗಲ್ಲ. ನೂರಕ್ಕೆ ಬರುತ್ತಿದ್ದ ಪುಡಿಗೆ ಮುನ್ನೂರು. ಅದಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ ಇತ್ತು. ನಾಳೆ ಸಿಗುತ್ತೋ ಇಲ್ವೋ ಅನ್ನುವ ಭಯಕ್ಕೆ ಅವನು ಒಮ್ಮೆಲೇ ತಿಂಗಳಿಗೆ ಆಗುವಷ್ಟು ತಂದಿಟ್ಟುಕೊಂಡ. ನಾವೆಲ್ಲ ಅಕ್ಕಿ, ಬೇಳೆ, ಎಣ್ಣೆ ತಂದು ತುಂಬಿಕೊಂಡೆವಲ್ಲ, ಹಾಗೇ. ಅಲ್ಲಿಯ ತನಕ ಆ ವಸ್ತು ಎಂದೂ ಮನೆಯೊಳಗೆ ಬಂದಿರಲಿಲ್ಲ. ಈಗ ಮಾಳಿಗೆ ಮೇಲೆ, ಹಳೆಯ ಕಂಡಿಕೆ (ನೂಲು ಸುತ್ತುವ ಸಣ್ಣ ಕೊಳವೆ) ಡಬ್ಬಿಯಲ್ಲಿ ಕೂತಿತು.

ಹಳ್ಳದ ದಂಡೆ ಬಂದ್. ಹೊರಗೆ ಹೋದರೆ ಲಾಠಿ. ಒಬ್ಬರು ಬಾಯಿಟ್ಟ ಚಿಲುಮೆಗೆ ಇನ್ನೊಬ್ಬರು ಬಾಯಿಡಲು ಹೆದರಿಕೆ. ಚಿಲುಮೆ ಮೂಲೆಗೆ ಹೋಯಿತು, ಅವನು ಒಬ್ಬನೇ ಬೀಡಿ, ಸಿಗರೇಟಿಗೆ ತುಂಬಿ ಸೇದತೊಡಗಿದ. ಬೀಡಿ, ಗುಟ್ಕಾ, ಸಿಗರೇಟು ಎಲ್ಲದಕ್ಕೂ ಅಭಾವ, ಎರಡು ಮೂರು ಪಟ್ಟು ರೇಟು. ಹಾಗಾಗಿ ತಂಬಾಕು ಕಡಿಮೆ, ಗಾಂಜಾ ಜಾಸ್ತಿ. ಒಂದು ಸಲಕ್ಕೆ ಒಳಗೆ ಹೋಗುವುದು ತನಗೇ ಗೊತ್ತಿಲ್ಲದೆ ಹೆಚ್ಚಾಯಿತು.

ಮೊದಲು ರಾತ್ರಿ ಹತ್ತಕ್ಕೆ, ನಿದ್ದೆ ಬರಲಿ ಅಂತ. ಬಿಸಿಲಿಗೆ ಮಾಳಿಗೆ ಕಾದು ಕೆಳಗೆ ಕೂರಲಾಗದೆ ಸಂಜೆ ನಾಲ್ಕಕ್ಕೇ ಮೇಲೆ ಹೋಗುವುದು ರೂಢಿಯಾಯಿತು. ಆಮೇಲೆ ಮಧ್ಯಾಹ್ನದ ಊಟಕ್ಕೆ ಮುಂಚೆ, ಯಾಕೆಂದರೆ ಸೇದದಿದ್ದರೆ ತುತ್ತು ಇಳಿಯುತ್ತಿರಲಿಲ್ಲ. ಮೇ ಕೊನೆಗೆ ಬೆಳಗಿನ ಚಹಾದ ಜೊತೆ. ದಿನಕ್ಕೆ ಐದಾರು ಸಲ. "ಸಾಕ್ ಬಿಡಲೇ" ಅನ್ನುವವರು ಯಾರೂ ಇರಲಿಲ್ಲ. ಮರುದಿನ ಎಂಟಕ್ಕೆ ಲಾಳಿಯ ಮುಂದೆ ನಿಲ್ಲಬೇಕು ಅನ್ನುವ ಹೆದರಿಕೆಯೂ ಇರಲಿಲ್ಲ.

ಉಳಿದ ಮೂವರು ಗೆಳೆಯರ ಕಥೆ ಕೇಳಿದರೆ ಇನ್ನಷ್ಟು ತಿಳಿಯುತ್ತದೆ. ವಾರಕ್ಕೊಮ್ಮೆ ಮಾತ್ರ ಬರುತ್ತಿದ್ದವನು ಸಿಗದಿದ್ದಾಗ ಹಾಗೇ ಬಿಟ್ಟ, ಮಾವನ ಹೊಲಕ್ಕೆ ಕಬ್ಬಿನ ಕೆಲಸಕ್ಕೆ ಹೋದ, ಮತ್ತೆ ಮುಟ್ಟಲಿಲ್ಲ. ಇನ್ನೊಬ್ಬ ಮೂಲತಃ ಕುಡಿಯುವವನು. ಬಾರ್ ಬಂದ್ ಆದ ಆರು ವಾರ ಗಾಂಜಾದಲ್ಲಿ ತಳ್ಳಿದ. ಮೇ 4ಕ್ಕೆ ರಾಜ್ಯದಲ್ಲಿ ಮದ್ಯದಂಗಡಿ ತೆರೆದಾಗ ಹೂವಿನ ಹಾರ ಹಾಕಿ, ಕಾಯಿ ಒಡೆದು ಸಾಲಲ್ಲಿ ನಿಂತವರನ್ನು ಟಿವಿಯಲ್ಲಿ ನೋಡಿದ್ದೀರಲ್ಲ, ಅಂಥದೇ ಒಂದು ಸಾಲಲ್ಲಿ ಇವನೂ ಇದ್ದ. ಮೂರನೆಯವನ ಸುದ್ದಿ ನನಗೆ ಸಿಗಲಿಲ್ಲ.

ಹೊರದೇಶಗಳ ಸಮೀಕ್ಷೆಗಳೂ ಇದೇ ದಾರಿ ತೋರಿಸಿವೆ. ಯುರೋಪಿನಲ್ಲಿ ಅಪರೂಪಕ್ಕೆ ಸೇದುತ್ತಿದ್ದವರು ಲಾಕ್‌ಡೌನ್‌ನಲ್ಲಿ ಕಡಿಮೆ ಮಾಡಿದರು ಇಲ್ಲವೇ ಬಿಟ್ಟರು, ದಿನಾ ಸೇದುವವರು ಹೆಚ್ಚಿಸಿಕೊಂಡರು. ವಿಶ್ವಸಂಸ್ಥೆಯ 2021ರ ಮಾದಕವಸ್ತು ವರದಿಯಲ್ಲಿ 77 ದೇಶಗಳ ಆರೋಗ್ಯ ಕಾರ್ಯಕರ್ತರನ್ನು ಕೇಳಿದಾಗ ಶೇ. 42ರಷ್ಟು ಮಂದಿ ಗಾಂಜಾ ಬಳಕೆ ಏರಿದೆ ಅಂದರು. ನೆದರ್‌ಲ್ಯಾಂಡ್ಸ್‌ನಲ್ಲಿ ಗಾಂಜಾ ಮಾರುವ ಅಂಗಡಿ ಮುಚ್ಚುವ ಸುದ್ದಿ ಬಂದ ಸಂಜೆಯೇ ಉದ್ದುದ್ದ ಸಾಲು ನಿಂತವು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಅಗತ್ಯ ವಸ್ತುಗಳ ಪಟ್ಟಿಗೇ ಸೇರಿಸಿದರು. ನಮ್ಮಲ್ಲಿ ಅಂಗಡಿಯೂ ಇಲ್ಲ, ಸಾಲೂ ಇಲ್ಲ, ಎಲ್ಲ ಮಾಳಿಗೆ ಮೇಲೆ. ಕೊರೊನಾಕ್ಕೆ ಮುಂಚೆ, 2019ರಲ್ಲಿ ದೆಹಲಿಯ ಏಮ್ಸ್‌ನವರು ಕೇಂದ್ರ ಸರ್ಕಾರಕ್ಕಾಗಿ ಮಾಡಿದ ಸಮೀಕ್ಷೆಯ ವರದಿ ಬಂದಿತ್ತು. ಅದರ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನ ವರ್ಷದಲ್ಲಿ ಒಮ್ಮೆಯಾದರೂ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದವರು. ಅವರಲ್ಲಿ ಸುಮಾರು 72 ಲಕ್ಷ ಜನಕ್ಕೆ ಸಹಾಯ ಬೇಕು. ಆ 72 ಲಕ್ಷದಲ್ಲಿ ನನ್ನ ಎದುರು ಬಂದು ಕೂತವನು ಇವನೊಬ್ಬ.

ಖಾಲಿ ಡಬ್ಬಿ

ದುಡ್ಡು ಎಲ್ಲಿಂದ ಬಂತು? ಮಗ್ಗ ನಿಂತಿದೆ, ಮಜೂರಿ ಇಲ್ಲ. ಮೇ 6ರಂದು ರಾಜ್ಯ ಸರ್ಕಾರ ಪ್ಯಾಕೇಜ್ ಘೋಷಿಸಿದಾಗ 2000 ರೂಪಾಯಿ ಅಂತ ಬಂದದ್ದು ಕೈಮಗ್ಗದ ನೇಕಾರರಿಗೆ. ಇವರದು ಪಾವರ್‌ಲೂಮ್.

ದುಡ್ಡು ಮನೆಯಲ್ಲೇ ಇತ್ತು. ಅವ್ವ ಮೈಕ್ರೋಫೈನಾನ್ಸ್ ಸಾಲ ತೆಗೆದಿದ್ದಳು, ವಾರ ವಾರ ಕಂತು ಕಟ್ಟಬೇಕು. ಮಾರ್ಚ್ ಕೊನೆಗೆ ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟಿತು, ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರ ತನಕ. ಅವ್ವ ಜಾಣೆ. ತಾನು ಬೀದಿ ಬದಿ ತರಕಾರಿ ಮಾರಿ ಬಂದದ್ದರಲ್ಲಿ ವಾರದ ಕಂತನ್ನು ತಪ್ಪದೆ ಎಣಿಸಿ, ಜೋಳದ ಹಿಟ್ಟಿನ ಡಬ್ಬಿಯ ಹಿಂದಿನ ಸ್ಟೀಲ್ ಡಬ್ಬಿಗೆ ಹಾಕುತ್ತಿದ್ದಳು, ಕೇಳಲು ಬಂದಾಗ ಒಮ್ಮೆಲೇ ಕೊಟ್ಟರಾಯಿತು ಅಂತ. ಡಬ್ಬಿ ತೆಗೆದು ನೋಡುವ ಪ್ರಸಂಗ ಬರಲಿಲ್ಲ, ಮುಚ್ಚಳದ ಸಂದಿಯಿಂದಲೇ ನೋಟು ತೂರಿಸುತ್ತಿದ್ದಳು.

ಸೆಪ್ಟೆಂಬರ್ ಮೊದಲ ವಾರ ವಸೂಲಿಗೆ ಬಂದರು. ಡಬ್ಬಿ ತೆಗೆದರೆ ಎರಡು ಇಪ್ಪತ್ತರ ನೋಟು, ಒಂದು ರಬ್ಬರ್ ಬ್ಯಾಂಡ್.

ಅದೇ ಹೊತ್ತಿಗೆ ಟಿವಿಯಲ್ಲಿ ಬೆಂಗಳೂರಿನ ಡ್ರಗ್ಸ್ ಪ್ರಕರಣದ್ದೇ ಮಾತು, ಬೆಳಿಗ್ಗೆಯಿಂದ ರಾತ್ರಿಯ ತನಕ. ಕಲಬುರಗಿ ಕಡೆ ಕುರಿ ಶೆಡ್ಡಿನಲ್ಲಿ ಸಾವಿರದ ಮುನ್ನೂರು ಕೆಜಿಗೂ ಜಾಸ್ತಿ ಗಾಂಜಾ ಸಿಕ್ಕಿತು ಅಂತ ಅದನ್ನೂ ತೋರಿಸಿದರು. ಅವ್ವನಿಗೆ ಆ ಚಿತ್ರ ನೋಡಿ ವಾಸನೆ ನೆನಪಾಯಿತಂತೆ. ಟಿವಿಯಿಂದ ವಾಸನೆ ಹೇಗೆ ಅಂತ ಕೇಳಬೇಡಿ. "ಸುಟ್ಟ ತುಳಸಿ ಗತೆ ನಾರ್ತಿತ್ರಿ ಇವನ ಹಾಸಿಗಿ" ಅಂದಳು.

ನಡುವೆ ಜೂನ್‌ನಲ್ಲಿ ಮಗ್ಗ ಶುರುವಾಗಿದ್ದವು, ಆದರೆ ಆರ್ಡರ್ ಕಡಿಮೆ, ಅರ್ಧ ಪಾಳಿ. ಹುಡುಗ ಎಳೆ ಹರಿದದ್ದನ್ನು ನೋಡದೆ ನಿಲ್ಲುತ್ತಿದ್ದ. ಒಂದೇ ವಾರ ಮೂರು ಸೀರೆ ಡ್ಯಾಮೇಜು. ಸಾವ್ಕಾರರು ಮಜೂರಿ ಹಿಡಿದರು. ಪಕ್ಕದ ಮಗ್ಗದವರು ತನ್ನನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡುತ್ತಿದ್ದಾರೆ ಅನ್ನುವ ಸಂಶಯವೂ ಶುರುವಾಗಿತ್ತು. ನನಗೆ ನಿಜವಾಗಿ ಗಾಬರಿಯಾದದ್ದು ಈ ಮಾತು ಕೇಳಿ. ಗಾಂಜಾ ಹೆಚ್ಚಾದವರಲ್ಲಿ, ಅದರಲ್ಲೂ ಈ ವಯಸ್ಸಿನಲ್ಲಿ, ಸಂಶಯ ಬಲಿತು ಬೇರೆ ಕಾಯಿಲೆಗೆ ತಿರುಗುವುದುಂಟು. ಅದೇ ವಾರ ಮನೋವೈದ್ಯರಿಗೆ ತೋರಿಸಿದೆವು. ಸಂಶಯ ಇನ್ನೂ ಗಟ್ಟಿಯಾಗಿರಲಿಲ್ಲ. ಬಿಟ್ಟರೆ ಇಳಿಯಬಹುದು, ನೋಡೋಣ ಅಂದರು.

ನಾನು ಎಡವಿದ್ದು

ನನ್ನ ಹತ್ತಿರ ಬಂದ ಮೊದಲ ದಿನವೇ ಹುಡುಗನ ಅಪ್ಪ ಹೇಳಿದ: "ನಾಕ್ ತಿಂಗಳ ಎಲ್ಲೆರ ಕೂಡಿ ಹಾಕ್ರಿ." ಅದು ಬೇಡ ಅಂತ ಒಪ್ಪಿಸಲು ಒಂದು ತಾಸು ಹಿಡಿಯಿತು. ಪೊಲೀಸರ ಭಯ ಅದಕ್ಕಿಂತ ದೊಡ್ಡದು. ಆಸ್ಪತ್ರೆಗೆ ಬಂದರೆ ಕೇಸ್ ಆಗುತ್ತೆ ಅಂತಲೇ ಅವರು ಎರಡು ವಾರ ತಡಮಾಡಿದ್ದರು. ಚಿಕಿತ್ಸೆಗೆ ಬಂದವರ ಮಾಹಿತಿ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇವನೆಗೂ ಶಿಕ್ಷೆ ಇದೆ, ಗಾಂಜಾ ಆದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ವಿನಾಯಿತಿಗೆ 64ಎ ಕಲಂನಲ್ಲಿ ದಾರಿ ಇದೆ. ಇದನ್ನು ಬಿಡಿಸಿ ಹೇಳಿದ ಮೇಲೆಯೇ ಹುಡುಗ ಬಾಯಿ ಬಿಟ್ಟದ್ದು.

ಗಾಂಜಾ ಚಟ ಎಷ್ಟು ಬಲಿತಿದೆ ಅಂತ ಅಳೆಯುವ, ಎಂಟು ಪ್ರಶ್ನೆಗಳ ಕ್ಯುಡಿಟ್-ಆರ್ ಪಟ್ಟಿಯಲ್ಲಿ 32ಕ್ಕೆ 21 ಬಂತು. 12 ಮುಟ್ಟಿದರೇ ಯೋಚಿಸಬೇಕು.

ಇನ್ನು ನನ್ನ ತಪ್ಪು. ಯಾರಿಗಾದರೂ ಹೇಳುವ ಮಾತನ್ನೇ ಇವನಿಗೂ ಹೇಳಿದೆ: ಆ ಗೆಳೆಯರನ್ನು ಬಿಡು. ಅವನು ತಲೆಯಾಡಿಸಿದ. ಎಷ್ಟು ಸಲ ಸೇದಿದೆ ಅಂತ ದಿನಾ ಬರೆದಿಡು ಅಂದೆ. ಬರೆದು ತಂದ: ಎರಡು, ಎರಡು, ಒಂದು, ಎರಡು. ಎಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ಕೂತು ಬರೆದದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಸಿಟ್ಟು ಬಂತು. ಸಿಟ್ಟಿನಲ್ಲೇ ಕೇಳಿದೆ, "ತಮ್ಮಾ, ನಿಜ ಹೇಳು, ಕಡಿಮೆ ಇದ್ದದ್ದು ಯಾವಾಗ?"

"ಹಳ್ಳದ ದಂಡಿ ಮ್ಯಾಲ ಇದ್ದಾಗ್ರಿ" ಅಂದ.

ಅಲ್ಲಿಗೆ ನನ್ನ ಸಲಹೆ ಉಲ್ಟಾ ಆಗಿತ್ತು. ಗೆಳೆಯರು ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ, ಅವನ ಕೈಗೆ ಚಿಲುಮೆ ಕೊಡುತ್ತಿದ್ದವರೂ ಅವರೇ. ಆದರೆ ಐದು ವರ್ಷ ಆ ಚಟಕ್ಕೆ ಬೇಲಿಯಾಗಿದ್ದು ಆ ನಾಲ್ಕು ಜನರ ಕಣ್ಣು ಮತ್ತು ಬೆಳಗಿನ ಎಂಟು ಗಂಟೆ. ಲಾಕ್‌ಡೌನ್ ಎರಡನ್ನೂ ಒಂದೇ ದಿನ ಕಿತ್ತುಹಾಕಿತು. ಈಗ ನಾನು ಒಂಟಿಯಾಗಿ ಸೇದುವವನಿಗೆ ಇನ್ನಷ್ಟು ಒಂಟಿಯಾಗು ಅನ್ನುತ್ತಿದ್ದೆ.

ಎಷ್ಟು ಸಲ ಅನ್ನುವ ಹಾಳೆ ಬಿಸಾಡಿದೆವು. ಬದಲಿಗೆ ಗಡಿಯಾರದ ಹಾಳೆ ಬಂತು: ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರ ತನಕ ತಾಸಿಗೊಂದು ಚೌಕ, ಆ ಹೊತ್ತಲ್ಲಿ ಎಲ್ಲಿದ್ದೆ, ಯಾರಿದ್ದರು. ಮೊದಲು ಚಹಾದ ಹೊತ್ತಿನದು ಹೋಯಿತು, ಆ ಹೊತ್ತಿಗೆ ಅಪ್ಪನ ಜೊತೆ ಕಂಡಿಕೆ ಸುತ್ತಲು ಕೂತ. ಕಂಡಿಕೆ ಡಬ್ಬಿ ಕೆಳಗಿಳಿದು ಬಂದು ಕಂಡಿಕೆಗೇ ಬಳಕೆಯಾಯಿತು. ಹೊಲಕ್ಕೆ ಹೋಗಿ ಬಿಟ್ಟಿದ್ದ ಆ ಗೆಳೆಯ ಸಂಜೆ ಬರತೊಡಗಿದ, ಚಹಾಕ್ಕೆ.

ಪೂರ್ತಿ ನಿಲ್ಲಿಸುವ ದಿನವನ್ನು ಹುಡುಗನೇ ಆರಿಸಿದ: ಅಕ್ಟೋಬರ್ ಕೊನೆಗೆ ಬಂದ ಖಂಡೆ ಪೂಜೆ. ಮಗ್ಗಕ್ಕೆ ಪೂಜೆ ಮಾಡಿದ ದಿನ. ಈ ಸಲ ಬೆವರು, ಸಿಟ್ಟು ಬಂದಾಗ ಮನೆಯವರಿಗೆ ಅದರ ಹೆಸರು ಗೊತ್ತಿತ್ತು. ಅವ್ವ ಮಜ್ಜಿಗೆ ಚಂಬು ತಲೆದೆಸೆಗೆ ಇಟ್ಟು, ಬೇರೆ ಮಾತಾಡದೆ ಹೋಗುತ್ತಿದ್ದಳು. ಇದಕ್ಕೆ ಅಂತಲೇ ಇರುವ ಮಾತ್ರೆ ಇಲ್ಲ, ನಿದ್ದೆಗೆ ವೈದ್ಯರು ಕೆಲವು ದಿನ ಕೊಟ್ಟದ್ದು ಅಷ್ಟೇ. ಕನಸುಗಳು ಮಾತ್ರ ಕಾಡಿದವು. ಮಗ್ಗ ಓಡುತ್ತಿದೆ, ಬಟ್ಟೆ ಮಾತ್ರ ಬರುತ್ತಿಲ್ಲ.

ಒಂದು ಜಗಳ ಹೇಳಲೇಬೇಕು. ಎರಡು ವಾರದ ಮೇಲೆ ಅಪ್ಪ ಹೊರಗಡೆ ಮೂತ್ರ ಪರೀಕ್ಷೆ ಮಾಡಿಸಿದ, ಪಾಸಿಟಿವ್ ಬಂತು. ಮಗ ಸುಳ್ಳ ಅಂತ ಮನೆಯಲ್ಲಿ ರಂಪ. ಹುಡುಗ ಸುಳ್ಳು ಹೇಳಿರಲಿಲ್ಲ. ಗಾಂಜಾದ ಅಮಲಿನ ಅಂಶ ಕೊಬ್ಬಿನಲ್ಲಿ ಕೂರುತ್ತದೆ, ಮೆಲ್ಲಗೆ ಹೊರಬರುತ್ತದೆ. ದಿನಾ ಸೇದುತ್ತಿದ್ದವರಲ್ಲಿ ಬಿಟ್ಟು ಕೆಲವು ವಾರವಾದರೂ ಮೂತ್ರದಲ್ಲಿ ಕಾಣಬಹುದು. ಇದನ್ನು ನಾನು ಮೊದಲೇ ಹೇಳಿರಬೇಕಿತ್ತು. ಆ ರಾತ್ರಿ ಅವನು ಮಾಳಿಗೆ ಹತ್ತದೆ ಇದ್ದದ್ದು ನನ್ನ ಪುಣ್ಯ.

ಡಿಸೆಂಬರ್ ಹೊತ್ತಿಗೆ ವಿಡಿಯೋ ಸಂಶಯ ಹೋಗಿತ್ತು. ಸಂಕ್ರಾಂತಿಗೆ ಒಮ್ಮೆ ಜಾರಿದ, ಮರುದಿನವೇ ಫೋನ್ ಮಾಡಿ ಹೇಳಿದ.

ಎರಡನೇ ಸಲ

2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮತ್ತೆ ಬಂದ್. ನನಗೆ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಈ ಸಲ ಓಣಿಯಲ್ಲೇ ಸಾವುಗಳಾದವು. ಹುಡುಗ ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ ಕೂತುಬಿಡುತ್ತಿದ್ದ, ಕೆಲಸ ಇರಲಿ ಬಿಡಲಿ. ಕಂಡಿಕೆ ಮುಗಿದರೆ ಅವ್ವನ ತರಕಾರಿ ಗಾಡಿ ತಳ್ಳುವುದು. ಡಬ್ಬಿಯ ದುಡ್ಡನ್ನು ವಾರಕ್ಕೆ ಇಷ್ಟು ಅಂತ ತಾನೇ ತುಂಬುತ್ತಿದ್ದ, ಈಗ ಮುಚ್ಚಳ ತೆಗೆದು, ಅವ್ವನ ಎದುರಿಗೆ ಎಣಿಸಿ. ಆ ಏಳು ವಾರದಲ್ಲಿ ಎರಡು ಸಲ ಸೇದಿದ. ಎರಡೂ ಸಲ ಯಾವ ಹೊತ್ತು, ಎಲ್ಲಿ ಅಂತ ಹಾಳೆಯಲ್ಲಿ ಇತ್ತು, ಬೇರೆ ಬೇರೆ ಪೆನ್ನಿನಲ್ಲಿ.

ಅನ್‌ಲಾಕ್ ಆದ ಮೇಲೆ, ಮಳೆಗಾಲದ ಒಂದು ರಾತ್ರಿ ಹತ್ತೂವರೆಗೆ ಅವನ ಫೋನ್ ಬಂತು. ಕರೆಂಟ್ ಹೋಗಿದೆ, ಓಣಿಯ ಮಗ್ಗ ಎಲ್ಲ ನಿಂತಿವೆ, ಕಿವಿ ಮತ್ತೆ ಗುಂಯ್ ಅನ್ನುತ್ತಿದೆ ಅಂದ. ಏನು ಊಟ ಮಾಡಿದೆ, ಅಪ್ಪನ ದಮ್ಮು ಹೇಗಿದೆ ಅಂತ ಅದೂ ಇದೂ ಮಾತಾಡಿದೆವು. ಹತ್ತು ನಿಮಿಷ ಆಗಿರಬೇಕು. ಒಮ್ಮೆಲೇ ಅವನ ಹಿಂದೆ ಒಂದು ಮಗ್ಗ ಖಟ್ ಅಂತು, ಆಮೇಲೆ ಇನ್ನೊಂದು, ಆಮೇಲೆ ಇಡೀ ಓಣಿ. ಅವನ ಮಾತು ಕೇಳಿಸಲಿಲ್ಲ.

"ಬಂತ್ರಿ ಅಕ್ಕಾರ!" ಅಂತ ಕೂಗಿದ. "ಇಡ್ತೀನ್ರಿ."